ನನ್ನ ಎದೆ ಬಯಲು ಮಾಡಿದ ಎಕ್ಸ್-ರೇ ಯಂತ್ರದವರಿಗೆ

ಊರೂರು ಅಲೆದರೂ ಒಮ್ಮೆಯೂ ಕೆಮ್ಮದ, ಕೈಚೀಲದಷ್ಟೇ ಗಾತ್ರದ ಮಾನ್ಯ ಯಂತ್ರದವರೇ,

ಬಸವಾಪಟ್ಟಣದ ಅಡಿಕೆ ವ್ಯಾಪಾರಿ ಕಲ್ಲೇಶಪ್ಪನ ಅನಂತ ಶರಣುಗಳು. ತಾವು ಕ್ಷೇಮವೆಂದು ನಂಬಿದ್ದೇನೆ. ನಾನು ಕ್ಷೇಮವಾಗಿಲ್ಲವೆಂದು ಕಂಡುಹಿಡಿದವರು ತಾವೇ ಆದ್ದರಿಂದ ನನ್ನ ವಿಷಯ ಬೇರೆ ಬರೆಯಬೇಕಿಲ್ಲ.

ತಮ್ಮ ಮೇಲೆ ದೊಡ್ಡ ದೂರಿದೆ. ತಾವು ಬರುವ ಮೊದಲು ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆ ಕ್ಷಯವೇ ಇರಲಿಲ್ಲ, ಬರೀ ಕೆಮ್ಮಿತ್ತು. ಅದಕ್ಕೆ ಅಡಿಕೆ ಧೂಳು, ಬೀಡಿ, ಒಗ್ಗರಣೆ ಘಾಟು ಎಂದು ಹೆಸರಿಟ್ಟು ಸುಖವಾಗಿದ್ದೆವು. ಈಗ ತಾವು ಕಾಲಿಟ್ಟಲ್ಲೆಲ್ಲ ರೋಗಿಗಳು ಹೆಚ್ಚುತ್ತಿದ್ದಾರೆಂದು ಬಸ್ ನಿಲ್ದಾಣದಲ್ಲೆಲ್ಲ ಮಾತು. ಹುಡುಕದೇ ಇದ್ದಿದ್ದರೆ ಸಿಗುತ್ತಿದ್ದರೇ, ತಾವೇ ಹೇಳಿ.

ನಮ್ಮದು ಮರ್ಯಾದಸ್ಥರ ಮನೆ. ಆಶಾ ಕಾರ್ಯಕರ್ತೆ ರೂಪಶ್ರೀ ಕಫ ಪರೀಕ್ಷೆಗೆ ಡಬ್ಬಿ ಕೊಟ್ಟು ಹೋದಾಗ ನನ್ನ ಹೆಂಡತಿ ಅನ್ನಪೂರ್ಣಮ್ಮ ನನ್ನ ಕಫ ನೋಡಿ, "ಇದನ್ನ ಹೆಂಗೆ ಕಳ್ಸೋದ್ರೀ? ನೋಡಾಕೆ ಚೆಂದ ಐತಾ?" ಎಂದು ಮಗ ಸಿದ್ದಲಿಂಗೇಶನನ್ನು ಎಬ್ಬಿಸಿ ಅವನಿಂದ ಡಬ್ಬಿ ತುಂಬಿಸಿದಳು. ಮಂಡಿಗೆ ಮಾದರಿ ಕಳಿಸುವಾಗ ಇದ್ದುದರಲ್ಲಿ ಒಳ್ಳೆಯ ಅಡಿಕೆಯನ್ನೇ ಆರಿಸುವ ನನಗೂ ಅದು ಸರಿಯೆನಿಸಿತು. ರೋಗವಿಲ್ಲವೆಂದು ವರದಿ ಬಂತು. ಮನೆಮಂದಿಗೆಲ್ಲ ಹೋಳಿಗೆಯಾಯಿತು, ನಾನು ಕೆಮ್ಮುತ್ತಲೇ ತಿಂದೆ.

ಅಷ್ಟರಲ್ಲಿ ತಾವು ಬಂದಿರಿ. ಮಗನ ಎದೆಯನ್ನು ನನ್ನ ಅಂಗಿಯೊಳಗೆ ಇಡುವ ದಾರಿ ಕಾಣದೆ ನಾನೇ ತಮ್ಮ ಮುಂದೆ ನಿಂತೆ. ತಾವು ಒಂದು ಮಾತೂ ಆಡದೆ ಒಳಗಿನದೆಲ್ಲ ತೋರಿಸಿಬಿಟ್ಟಿರಿ. ಇನ್ನೂ ತಡವಾಗಿದ್ದರೆ ನಾನು ಉಳಿಯುತ್ತಿರಲಿಲ್ಲವೆಂದರು ಡಾಕ್ಟರು. ಆರು ತಿಂಗಳು ಮಾತ್ರೆ ನುಂಗಿದೆ; ಕೆಮ್ಮು ಹೋಯಿತು, ಹಸಿವು ಬಂತು, ಜಾರುತ್ತಿದ್ದ ಪಂಚೆ ಸೊಂಟದಲ್ಲಿ ನಿಂತಿತು. ಇಷ್ಟೆಲ್ಲ ಉಪಕಾರ ಮಾಡಿದ ತಮ್ಮನ್ನು ಹೇಗೆ ಕ್ಷಮಿಸಲಿ?

ಆದ್ದರಿಂದ ತಾವು ಬೇರೆ ಊರಿಗೆ ಹೊರಡುವ ಮೊದಲು ಮತ್ತೊಮ್ಮೆ ನಮ್ಮೂರಿಗೆ ದಯಮಾಡಿಸಬೇಕು, ಈ ಸಲ ಎದೆಯ ಜೊತೆ ಒಳಗಿರುವ ಹಠವನ್ನೂ ಚಿತ್ರದಲ್ಲಿ ತೋರಿಸಬೇಕು, ಮತ್ತು ಒಗ್ಗರಣೆ ಘಾಟಿಗೂ ಕ್ಷಯಕ್ಕೂ ಇರುವ ವ್ಯತ್ಯಾಸವನ್ನು ನಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ಗಟ್ಟಿಯಾಗಿ ಹೇಳಬೇಕು.

ಇಂತಿ, ತಮ್ಮ ದಯೆಯಿಂದ ಇನ್ನೂ ದೂರು ಬರೆಯುವಷ್ಟು ಉಸಿರಿರುವ,
ತಮ್ಮ ವಿಶ್ವಾಸಿ,
ಕಲ್ಲೇಶಪ್ಪ

ತಾ.ಕ.: ಅನ್ನಪೂರ್ಣಮ್ಮನಿಗೆ ಕೆಲವು ವಾರಗಳಿಂದ ಕೆಮ್ಮು. ಕೇಳಿದರೆ "ಒಗ್ಗರಣೆ ಘಾಟು ಕಣ್ರೀ, ಸುಮ್ನಿರ್ರಿ" ಎನ್ನುತ್ತಾಳೆ. ತಾವು ಬಂದ ದಿನ ಸೊಸೆ ಕಲ್ಪನಾಳಿಗೆ ತನ್ನ ಸೀರೆ ಉಡಿಸಿ ನಿಲ್ಲಿಸಿದರೆ ದಯವಿಟ್ಟು ಮೋಸಹೋಗಬೇಡಿ. ನನಗೆ ನನ್ನ ಹೆಂಡತಿ ಬೇಕು. ಕಫದ ಡಬ್ಬಿಯನ್ನು ಈ ಸಲ ನಾನೇ ಹಿಡಿದು ಎದುರಿಗೆ ಕೂರುತ್ತೇನೆ; ಚೆಂದವಿಲ್ಲದಿದ್ದರೂ ಅವಳದನ್ನೇ ಕಳಿಸುತ್ತೇನೆ.