ಎರಡು ಸಾವಿರ ಸಲ ಕೂತೆದ್ದ ರಾಯರು

ಮೂವತ್ತೊಂದು ವರ್ಷ ಬಸ್ಸು ಓಡಿಸಿ ನಿವೃತ್ತರಾದ ಡ್ರೈವರ್ ರಾಯರಿಗೆ ಒಂದೇ ಕೊರಗು: ಮನೆಯಲ್ಲಿ ತಮ್ಮ ಪ್ರತಿಭೆಗೆ ಬೆಲೆಯಿಲ್ಲ. ಹೆಂಡತಿ ದಿನಾ ಕಾರ್ಖಾನೆಗೆ ಹೋಗಿ ಏನೇನೋ ಪವಾಡ ಮಾಡಿ ಬರುತ್ತಾಳೆ. ಇವರು ಬಟ್ಟೆ ಒಣಹಾಕಿ, ಹಾಲು ಉಕ್ಕಿಸಿ, ಬೈಸಿಕೊಳ್ಳುತ್ತಾರೆ. (ಉಕ್ಕುವುದು ಹಾಲಿನ ತಪ್ಪು ಎಂಬುದು ರಾಯರ ಖಚಿತ ಅಭಿಪ್ರಾಯ.)

ಆದರೂ ಅವಳ ಕೆಲಸವೆಂದರೆ ಅವರಿಗೆ ಒಳಗೊಳಗೇ ಬಲು ಹೆಮ್ಮೆ. ಹಿಂದೆ ಬನಿಯನ್ನುಗಳ ಮೇಲೆ ಹುಲಿ, ಹೂವು ಅಚ್ಚು ಹಾಕುತ್ತಿದ್ದಂಥದೇ ಸ್ಕ್ರೀನ್ ಪ್ರಿಂಟಿಂಗ್ ಚೌಕಟ್ಟಿನಲ್ಲಿ ಅವಳೀಗ ಬೆಳ್ಳಿಪುಡಿ ಬೆರೆಸಿದ ಶಾಯಿ ಎಳೆದು, ತೆಳ್ಳನೆಯ ಪ್ಲಾಸ್ಟಿಕ್ ಹಾಳೆಯ ಮೇಲೆ ಕರೆಂಟು ಹರಿಯುವ ಗೆರೆಗಳನ್ನು ಮೂಡಿಸುತ್ತಾಳೆ. ವೈರಿನ ಗೊಂಚಲಿಲ್ಲ, ಬೆಸುಗೆಯಿಲ್ಲ. ಬಿಸಿಗೂಡಿನಲ್ಲಿ ಒಣಗಿಸಿ ತೆಗೆದರೆ ಹಾಳೆಯೇ ಯಂತ್ರ! ಮೊದಲ ಸಲ ಕಂಡಾಗ ರಾಯರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಹತ್ತು ನಿಮಿಷ ಬಾಯಿ ಮುಚ್ಚಿಕೊಂಡು ನೋಡಿದ್ದರು. ಅವರು ಅಷ್ಟು ಹೊತ್ತು ಬಾಯಿ ಮುಚ್ಚಿದ್ದು ಅದೇ ಮೊದಲು.

ಆ ಭಾನುವಾರ ಅರ್ಧ ದಿನದ ಕೆಲಸಕ್ಕೆಂದು ಹೋದ ಹೆಂಡತಿ ಹರಳೆಣ್ಣೆ ಕುಡಿದ ಮುಖ ಮಾಡಿಕೊಂಡು ಬಂದಳು.

"ಏನಾಯ್ತೇ?"

"ಗಾಲಿಕುರ್ಚಿ ಕಂಪನಿಯವರು ಶನಿವಾರ ಬರ್ತಾರೆ ರೀ. ನನ್ನ ಹಾಳೆ ಮೇಲೆ ಎರಡು ಸಾವಿರ ಸಲ ಕೂತೆದ್ರೂ ಗೆರೆ ಬಿರಿಯಲ್ಲ ಅಂತ ತೋರಿಸ್ಬೇಕು. ಕೂತೇಳೋ ಮೆಷಿನ್ನೇ ಕೆಟ್ಟು ಕೂತಿದೆ! ಪರೀಕ್ಷೆ ಆಗ್ಲಿಲ್ಲ ಅಂದ್ರೆ ಮೂರು ವರ್ಷದ ಕೆಲಸ ಹೊಳೇಲಿ ಹುಣಿಸೆಹಣ್ಣು ತೊಳೆದ ಹಾಗೆ."

ದಿನವಿಡೀ ಗಾಲಿಕುರ್ಚಿಯಲ್ಲೇ ಇರುವವರಿಗೆ ಒಂದೇ ಕಡೆ ಭಾರ ಬಿದ್ದು ಹುಣ್ಣಾಗುತ್ತದೆ. ಸೀಟಿನ ಕೆಳಗೆ ಈ ಹಾಳೆ ಇಟ್ಟರೆ ನೋಡಿಕೊಳ್ಳುವವರಿಗೆ ಮುನ್ನೆಚ್ಚರಿಕೆ ಸಿಗುತ್ತದೆ. ಇಂಥ ಒಳ್ಳೆಯ ಕೆಲಸ ಒಂದು ಕೆಟ್ಟ ಮೆಷಿನ್ನಿನಿಂದ ನಿಲ್ಲುವುದೇ? ರಾಯರು ಎದೆಯುಬ್ಬಿಸಿದರು.

"ಕೂರೋಕೆ ಮೆಷಿನ್ ಯಾಕೆ? ನಾನು ಸತ್ತಿದ್ದೀನಾ? ಮೂವತ್ತೊಂದು ವರ್ಷ ಮಾಡಿದ್ದೇ ಅದಲ್ವಾ!"

"ಬರೀ ಕೂರೋದಲ್ಲ ರೀ, ಏಳ್ಬೇಕು."

"ಕೂತವನು ಏಳದೇ ಇರ್ತಾನಾ? ತಾ ಇಲ್ಲಿ!"

ಅವಳು ಊಟದ ಕುರ್ಚಿಯ ಮೇಲೆ ಹಾಳೆ ಹಾಸಿ, ಅಂಗೈಯಗಲದ ಡಬ್ಬಿಯೊಂದನ್ನು ಜೋಡಿಸಿ, ಅದು ಹೇಗೆ ಕೆಲಸ ಮಾಡುತ್ತದೆಂದು ವಿವರಿಸಿದಳು. ರಾಯರು ಅರ್ಧ ಕೇಳಿಸಿಕೊಂಡರು. ಒತ್ತಿದರೆ ಡಬ್ಬಿಯಲ್ಲಿ ಅಂಕಿ ಒಂದು ಏರುತ್ತದೆ, ಅಷ್ಟು ಸಾಕಾಯಿತು.

ಸೋಮವಾರ ನೂರೈವತ್ತು ಸಲ ಕೂತೆದ್ದರು. ಮಂಗಳವಾರ ಬೆಳಿಗ್ಗೆ ಹಾಸಿಗೆಯಿಂದ ಏಳುವುದೇ ಒಂದು ಪ್ರತ್ಯೇಕ ಪರೀಕ್ಷೆಯಾಯಿತು. ಹಾಗೂ ಹೀಗೂ ಇನ್ನೂರಕ್ಕೆ ಮುಟ್ಟುವಷ್ಟರಲ್ಲಿ ತೊಡೆಗಳು ಮುಷ್ಕರ ಹೂಡಿದವು. ಎದುರಿನ ಆರಾಮಕುರ್ಚಿಗೆ ದೊಪ್ಪೆಂದು ಬಿದ್ದು, ಬಲಗಾಲನ್ನು ಹಾಳೆಯ ಮೇಲೆ ಚಾಚಿದರು. ಡಬ್ಬಿ 'ಟಿಕ್' ಎಂದಿತು. ಇನ್ನೂರ ಒಂದು!

ರಾಯರ ತಲೆಯಲ್ಲಿ ಮಿಂಚು ಹೊಳೆಯಿತು. ಬಲಗಾಲು! ಮೂವತ್ತೊಂದು ವರ್ಷ ಬ್ರೇಕ್ ಒತ್ತಿದ ಮಹಾಪಾದ! ಒತ್ತು, ಬಿಡು, ಒತ್ತು, ಬಿಡು. ಒಂದು ಕೈಯಲ್ಲಿ ಪೇಪರು, ಇನ್ನೊಂದರಲ್ಲಿ ಕಾಫಿ. ಶುಕ್ರವಾರ ಸಂಜೆ ಡಬ್ಬಿ ಎರಡು ಸಾವಿರ ತೋರಿಸಿತು.

"ಇಷ್ಟೂ ನೀವೇ ಕೂತೆದ್ರಾ?" ಹೆಂಡತಿಯ ಕಣ್ಣಲ್ಲಿ ನೀರಾಡಿತು. "ನಾಳೆ ನೀವೂ ಬನ್ರೀ. ಎಲ್ಲರಿಗೂ ಪರಿಚಯ ಮಾಡಿಸ್ತೀನಿ."

ರಾಯರಿಗೆ ಒಳಗೆಲ್ಲೋ ಚುಳ್ಳೆಂದರೂ, ಸನ್ಮಾನದ ಆಸೆ ಗೆದ್ದಿತು.

ಶನಿವಾರ, ಇಸ್ತ್ರಿ ಅಂಗಿ ತೊಟ್ಟು ಕಾರ್ಖಾನೆಯ ಸಭೆಯಲ್ಲಿ ಮುಂದಿನ ಸಾಲಿನಲ್ಲೇ ಕೂತರು. ಹೆಂಡತಿ ಡಬ್ಬಿಯನ್ನು ದೊಡ್ಡ ಪರದೆಗೆ ಜೋಡಿಸಿದಳು. ಪರದೆಯ ಮೇಲೆ ಕೆಂಪು, ಹಳದಿ, ನೀಲಿ ಬಣ್ಣಗಳಲ್ಲಿ ರಾಯರ ಆಸನಭಾಗ ಭೂಪಟದಂತೆ ಬೆಳಗಿತು! ಭಾರ ಎಲ್ಲಿ ಹೆಚ್ಚು, ಎಲ್ಲಿ ಕಡಿಮೆ, ಎಲ್ಲ ಸ್ಪಷ್ಟ. ಅಂಕಿ ಮಾತ್ರವಲ್ಲ, ಪ್ರತಿ ಒತ್ತಿನ ಚಿತ್ರವನ್ನೂ ಹಾಳೆ ಬರೆದುಕೊಂಡಿತ್ತು. ಕೇಳಿಸಿಕೊಳ್ಳದ ಆ ಇನ್ನರ್ಧ ಇದೇ ಎಂದು ರಾಯರಿಗೆ ಆಗ ಅರ್ಥವಾಯಿತು.

ಇನ್ನೂರ ಒಂದನೆಯ ಚಿತ್ರ ಬಂತು. ಒಂದು ಹಿಮ್ಮಡಿ, ಐದು ಬೆರಳು. ಇನ್ನೂರ ಎರಡು: ಒಂದು ಹಿಮ್ಮಡಿ, ಐದು ಬೆರಳು. ಭೂಮಿ ಬಾಯಿ ಬಿಡಬಾರದೇ ಎನಿಸಿತು ರಾಯರಿಗೆ. ತಮ್ಮ ಮಾನ ಹೋದರೆ ಹೋಗಲಿ, ಅವಳ ಮೂರು ವರ್ಷ?

"ಇದೇನಮ್ಮ ಇದು, ಪಾದ?" ಎಂದರು ಕಂಪನಿಯ ಹಿರಿಯರು.

ಹೆಂಡತಿ ಒಂದು ಕ್ಷಣ ರಾಯರತ್ತ ನೋಡಿದಳು. ಆಮೇಲೆ ತಣ್ಣಗೆ ಹೇಳಿದಳು: "ಇದು ಪರೀಕ್ಷೆ ಮಾಡಿದವರ ಸೋಮಾರಿತನ ಸರ್. ನಮ್ಮವರೇ. ಆದ್ರೆ ನೋಡಿ, ಭಾರವೆಲ್ಲ ಒಂದೇ ಕಡೆ, ಸಾವಿರದ ಎಂಟುನೂರು ಒದೆತ. ಒಂದು ಗೆರೆನೂ ಬಿರಿದಿಲ್ಲ. ಮಾಡಿದ ಕಳ್ಳಾಟಾನೂ ಬಿಡದೆ ಹೇಳಿದೆ."

ಹಿರಿಯರು ಗಹಗಹಿಸಿ ನಕ್ಕರು. "ಇಂಥ ನಿಯತ್ತಿನ ಹಾಳೆನೇ ನಮಗೆ ಬೇಕಾಗಿದ್ದು! ಒಪ್ಪಿಗೆ. ಆದ್ರೆ ನಿಯಮ ನಿಯಮವೇ. ಬಾಕಿ ಸಾವಿರದ ಎಂಟುನೂರು ಕೂತೇಳೋದು ಇಲ್ಲೇ ಆಗ್ಲಿ. ನಿಮ್ಮವರು ಹೇಗೂ ಬಂದಿದ್ದಾರಲ್ಲ."

ಕುರ್ಚಿ ಬಂತು. ಅದೇ ಹಾಳೆ ಬಂತು. ಇಡೀ ಕಾರ್ಖಾನೆ ಪರದೆಯ ಮುಂದೆ ನೆರೆಯಿತು. ಹೆಂಡತಿ ಗೆದ್ದ ಖುಷಿಯಲ್ಲಿ ರಾಯರು ಹುರುಪಿನಿಂದಲೇ ಕೂತರು, ಎದ್ದರು. ಎಪ್ಪತ್ತರ ಹೊತ್ತಿಗೆ ಮಂಡಿ ಕಿರುಗುಟ್ಟಿತು. ಯಾರಿಗೂ ಕಾಣದ ಹಾಗೆ ಎಡಗೈಯನ್ನು ಮೆಲ್ಲಗೆ ಸೀಟಿಗೆ ಊರಿದರು.

ಹೆಂಡತಿ ಪರದೆಯಿಂದ ಕಣ್ಣು ಕೀಳದೆ ಹೇಳಿದಳು:

"ಕೈ ತೆಗೀರಿ."