ಹೆಣದ ಮುಂದೆ ಸನ್ಮಾನ

ನಟನಾಗುವ ಹುಚ್ಚನ್ನು ಯಾವ ವಯಸ್ಸಿಗೆ ಬಿಡಬೇಕೆಂದು ಯಾರೂ ನನಗೆ ಹೇಳಿಕೊಡಲಿಲ್ಲ. ಕುಡಿತ ಬಿಡಿಸಲು ಶಿಬಿರಗಳಿವೆ, ಬೀಡಿ ಬಿಡಿಸಲು ಡಾಕ್ಟರುಗಳಿದ್ದಾರೆ. ಈ ಹುಚ್ಚಿಗೆ ಮಾತ್ರ ಊರವರೆಲ್ಲ ಸೇರಿ ಚಪ್ಪಾಳೆ ತಟ್ಟುತ್ತಾರೆ. ಹೊನ್ನಾಳಿಯಲ್ಲಿ ನನ್ನದೊಂದು ಹೊಲಿಗೆ ಅಂಗಡಿಯಿದೆ. ನಲವತ್ತೇಳರ ಈ ವಯಸ್ಸಿನಲ್ಲೂ ಗಿರಾಕಿಯ ಎದೆಯಳತೆ ತೆಗೆಯುವಾಗ ಅವನ ಹಿಂದಿನ ಕನ್ನಡಿಯಲ್ಲಿ ನನ್ನ ಮುಖವನ್ನೇ ನೋಡಿಕೊಳ್ಳುತ್ತೇನೆ. ಹಾಗಾಗಿ ನಮ್ಮೂರಿನ ಎಷ್ಟೋ ಅಂಗಿಗಳು ಹೊಲಿಸಿದವರಿಗೇ ಆಗುವುದಿಲ್ಲ.

ಸುತ್ತಲ ಹಳ್ಳಿಗಳ ನಾಟಕಗಳಲ್ಲಿ ಇಪ್ಪತ್ತು ವರ್ಷ ಬಣ್ಣ ಹಚ್ಚಿದ್ದೇನೆ. ನಮ್ಮ ಕಡೆ ಒಂದು ಪದ್ಧತಿ. ಪಾತ್ರಧಾರಿ ಯಾರಿಗೋ ಅಳಿಯನೋ ಭಾವನೋ ಆಗಿರುತ್ತಾನಲ್ಲ, ಆ ನೆಂಟರು ನಾಟಕ ನಡೆಯುತ್ತಿರುವಾಗಲೇ ರಂಗದ ಮೇಲೆ ಬಂದು ಶಾಲು ಹೊದಿಸಿ ಹಾರ ಹಾಕುತ್ತಾರೆ. ಖಳನಾಯಕ ಕತ್ತಿ ಎತ್ತಿದ್ದರೂ ಇಳಿಸಬೇಕು, ಕೈಮುಗಿಯಬೇಕು, ನಗಬೇಕು. ಫೋಟೊ ಆದಮೇಲೆ ಮತ್ತೆ ಕತ್ತಿ ಎತ್ತುವುದು. ನಗದಿದ್ದರೆ ‘ಅವನಿಗೆ ಸೊಕ್ಕು ಬಂದೈತೆ’ ಎಂದು ವರ್ಷಗಟ್ಟಲೆ ಮಾತು ಬಿಡುತ್ತಾರೆ.

ಧಾರಾವಾಹಿಗಳಿಗೆ ಫೋಟೊ ಕಳಿಸಿ ಕಳಿಸಿ ನಾನು ಸೋತು ಸುಣ್ಣವಾಗಿದ್ದೆ. ಕಳೆದ ವರ್ಷ ಒಂದು ತಂಡ ತಾನಾಗಿಯೇ ತ್ಯಾವಣಿಗೆಯ ಹಳೇ ಮನೆಯೊಂದಕ್ಕೆ ಚಿತ್ರೀಕರಣಕ್ಕೆ ಬಂತು. ಓಡಿದೆ. ಪಾತ್ರ ಸಿಕ್ಕಿತು: ಸತ್ತವನ ಅಣ್ಣ. ಹೆಣದ ಪಕ್ಕ ಕೂತು ‘ತಮ್ಮಾ, ನನಗಿಂತ ಮುಂಚೆ ಹೋದೆಯಲ್ಲೋ’ ಎಂದು ಗೋಳಾಡಬೇಕು. ಚೆನ್ನಾಗಿ ಬಂದರೆ ಕಥೆ ಮುಗಿಯುವವರೆಗೂ ಅಣ್ಣ ನಾನೇ ಎಂದು ನಿರ್ದೇಶಕರು ಮಾತು ಕೊಟ್ಟರು. ಸಂತೋಷ ತಡೆಯಲಾರದೆ ಜಗಳೂರು ತಾಲ್ಲೂಕಿನ ಬಿಳಿಚೋಡಿನಲ್ಲಿರುವ ಸೋದರಮಾವ ರುದ್ರಪ್ಪನವರಿಗೆ ಫೋನು ಮಾಡಲು ಹೊರಟೆ. ಹೆಂಡತಿ ಗಿರಿಜ ತಡೆದಳು.

“ರೀ, ಎಲ್ಲ ಮುಗಿದ ಮ್ಯಾಲೆ ಹೇಳ್ರಿ. ನಿಮ್ಮ ಮಾವ ಸುಮ್ನೆ ಕುಂದ್ರೋ ಮನುಷ್ಯ ಅಲ್ಲ.”

ನಾನು ಕೇಳಬೇಕಲ್ಲ!

ಚಿತ್ರೀಕರಣದ ದಿನ ಅಳಲು ಗ್ಲಿಸರಿನ್ ಬೇಕೇ ಎಂದು ಕೇಳಿದರು. ಬೇಡವೆಂದೆ, ಇಪ್ಪತ್ತು ವರ್ಷದ್ದು ಒಳಗೇ ಇತ್ತು. ಕ್ಯಾಮೆರಾ ಶುರುವಾಯಿತು. ನನ್ನ ಗೋಳಿಗೆ ಲೈಟು ಹಿಡಿದವನೂ ಮೂಗು ಒರೆಸಿಕೊಂಡ. ಅಷ್ಟರಲ್ಲಿ ರುದ್ರಪ್ಪ ಮಾವ ಮೂವರು ನೆಂಟರ ಜೊತೆ ಶಾಲು, ಚೆಂಡುಹೂವಿನ ಹಾರ ಹಿಡಿದು ಬಾಗಿಲಿಗೆ ಬಂದರು. ಹಾರ ಹೆಣಕ್ಕೆಂದು ತಿಳಿದು ಕಾವಲಿನವನು ಒಳಗೆ ಬಿಟ್ಟ. ನಿರ್ದೇಶಕರೂ ಇದು ತಮ್ಮ ಸಹಾಯಕರದೇ ಏರ್ಪಾಡು ಅಂದುಕೊಂಡು ಕ್ಯಾಮೆರಾ ನಿಲ್ಲಿಸಲಿಲ್ಲ. ಮಾವ ಹೆಣದ ಕಡೆ ತಿರುಗಿಯೂ ನೋಡದೆ ಸೀದಾ ನನ್ನ ಹತ್ತಿರ ಬಂದರು.

“ಏ, ಎದ್ದೇಳೋ ಅಳಿಯ! ಅಳಾಕೆ ಆಮ್ಯಾಲೆ ಟೈಮ್ ಐತೆ” ಎಂದು ಹಾರ ಹಾಕಿಯೇಬಿಟ್ಟರು.

ನಾನು ಎದ್ದೆ. ಕೈಮುಗಿದೆ. ಹಲ್ಲು ಕಾಣುವಂತೆ ನಕ್ಕೆ. ಸಾಲದೆಂದು ಕ್ಯಾಮೆರಾದ ಕಡೆಗೂ ತಿರುಗಿದೆ. ಹೆಣ ಒಂದು ಕಣ್ಣು ತೆರೆದು ನನ್ನನ್ನು ನೋಡಿತು.

“ಕಟ್!”

ನಿರ್ದೇಶಕರ ಕಾಲು ಹಿಡಿಯುವುದೊಂದು ಬಾಕಿ. “ಸಾರ್, ಅವರಿಗೆ ಗೊತ್ತಾಗ್ಲಿಲ್ಲ ಸಾರ್, ಹಳ್ಳಿ ಜನ” ಎಂದೆ.

“ಅವರನ್ನ ನಾನೇನೂ ಅನ್ನಲ್ಲ ಯಜಮಾನ್ರೇ” ಎಂದರು ಅವರು, ತಣ್ಣಗೆ. “ಆ ಹಾರ ತೆಗೆದು ತಮ್ಮನ ಎದೆ ಮೇಲಿಟ್ಟು ಅತ್ತುಬಿಟ್ಟಿದ್ರೆ ಈ ಸೀನು ಎಲ್ಲಿಗೋ ಹೋಗ್ತಿತ್ತು. ನೀವು ಯಾಕೆ ನಕ್ರಿ?”

ಸಂಜೆಯೊಳಗೆ ದಾವಣಗೆರೆಯಿಂದ ಬೇರೆ ಅಣ್ಣ ಬಂದ. ಹೊನ್ನಾಳಿಗೆ ಮರಳುವ ಬಸ್ಸಿನಲ್ಲಿ ನಾನು ನಿಜವಾಗಿಯೂ ಅತ್ತೆ. ಇನ್ನು ಇಂಥ ಅವಕಾಶ ಬರುವುದಿಲ್ಲವೆಂದು ಗೊತ್ತಿತ್ತು. ಪಕ್ಕದ ಸೀಟಿನ ಅಜ್ಜಿ ಕೊರಳಿನ ಹಾರ ನೋಡಿ, “ಯಾಕಪ್ಪಾ, ರಿಟೈರ್ ಆದೇನು?” ಎಂದು ಕೇಳಿತು. ಹೌದೆಂದೆ.

ಗಿರಿಜ ಇವತ್ತಿಗೂ ಮಾವನನ್ನು ಬೈಯುತ್ತಾಳೆ. ನಿರ್ದೇಶಕರ ಪ್ರಶ್ನೆಗೆ ಉತ್ತರ ನನ್ನ ಹತ್ತಿರ ಇದೆ, ಅವಳೆದುರು ಹೇಳಲು ನಾಚಿಕೆ. ಆ ಮಧ್ಯಾಹ್ನ ನಾನು ಅಣ್ಣನೇ ಆಗಿದ್ದೆ, ದುಃಖವೂ ಸುಳ್ಳಲ್ಲ. ಆದರೆ ಹಾರ ಕೊರಳಿಗೆ ಬಿದ್ದ ಕೂಡಲೇ, ತಮ್ಮ ಸತ್ತರೆ ಸಾಯಲಿ ಬಿಡು ಅನ್ನಿಸಿಬಿಟ್ಟಿತು.