ಮಡಿಯಲ್ಲಿದ್ದ ಕ್ಯಾಮೆರಾ

ಪುಣೆಯ ಸದಾಶಿವ ಪೇಠೆಯ ಅರ್ಧ ಮಂದಿಯನ್ನು ತಲೆಕೆಳಗು ಮಾಡಿ ನೋಡಿದ ಹೆಂಗಸೊಬ್ಬರು ನಮ್ಮ ಮನೆಯಲ್ಲಿ ಇದ್ದರು. ವಕೀಲರು, ಮಾಸ್ತರರು, ದೇವಸ್ಥಾನದ ಪಂಚರು, ಯಾರನ್ನೂ ಬಿಟ್ಟವರಲ್ಲ. ಅವರೆಲ್ಲ ತಾವಾಗಿಯೇ ಬಂದು, ಟೊಪ್ಪಿಗೆ ಸರಿಮಾಡಿಕೊಂಡು, ಉಸಿರು ಹಿಡಿದು ನಿಂತು, ತಲೆಕೆಳಗಾಗಿ ಹೋದರು. ಹೆಸರು ಹೇಳುವುದಿಲ್ಲ. ನನ್ನ ಗಂಡನ ಸೋದರತ್ತೆ ಅವರು. ಮನೆಮಂದಿ ಅತ್ಯಾ ಅನ್ನುತ್ತಿದ್ದರು, ನಾನೂ ಅತ್ಯಾ ಅಂದೆ.

ಅತ್ಯಾ ಒಂಬತ್ತನೆಯ ವರ್ಷಕ್ಕೆ ಮದುವೆಯಾಗಿ ಹನ್ನೊಂದಕ್ಕೆ ವಿಧವೆಯಾದವರು. ಕೆಂಪು ಸೀರೆ, ಬೋಳು ತಲೆ, ಒಂದು ಹೊತ್ತಿನ ಊಟ, ಬೆಳಗಿನಿಂದ ಸಂಜೆಯವರೆಗೆ ಮಡಿ. ಮಡಿ ಅಂದರೇನೆಂದು ಈಗಿನವರಿಗೆ ಬಿಡಿಸಿ ಹೇಳಬೇಕು: ಸ್ನಾನ ಮಾಡಿ ಒಗೆದ ಬಟ್ಟೆ ಉಟ್ಟ ಮೇಲೆ ಅವರು ಯಾರನ್ನೂ ಮುಟ್ಟಬಾರದು, ಅವರನ್ನು ಯಾರೂ ಮುಟ್ಟಬಾರದು. ನಾನು ಧಾರವಾಡದ ಕಡೆಯಿಂದ ಹದಿನಾರರ ಸೊಸೆಯಾಗಿ, ಒಂದೇ ಅಂಗಳಕ್ಕೆ ಹಲವು ಸಂಸಾರಗಳಿದ್ದ ಪುಣೆಯ ಆ ವಾಡೆಗೆ ಬಂದಾಗ ಅವರಿಗೆ ಐವತ್ತು ದಾಟಿತ್ತು. ಎರಡನೆಯ ಮಹಾಯುದ್ಧ ಇನ್ನೂ ಶುರುವಾಗಿರಲಿಲ್ಲ.

ಕ್ಯಾಮೆರಾ ತಂದವರು ಅತ್ಯಾ ಅಲ್ಲ, ಅವರ ತಮ್ಮ, ಅಂದರೆ ನನ್ನ ಮಾವನವರು. ಸರಕಾರಿ ಕಚೇರಿಯಲ್ಲಿ ಹೆಡ್ ಕ್ಲಾರ್ಕ್. ವಿಲಾಯತಿಗೆ ಹೊರಟ ಒಬ್ಬ ಸಾಹೇಬನ ಸಾಮಾನು ಹರಾಜಿಗೆ ಬಂದಾಗ, ಮೂರು ಕಾಲಿನ ಸ್ಟ್ಯಾಂಡು, ಕರಿ ತೊಗಲಿನ ತಿದಿ ಇದ್ದ ದೊಡ್ಡ ಕ್ಯಾಮೆರಾ ಕೊಂಡು ತಂದರು. ಮೊದಲನೆಯ ಫೋಟೋದಲ್ಲಿ ಮನೆಮಂದಿಯ ಕಾಲು ಮಾತ್ರ ಬಂದವು. ಎರಡನೆಯದರಲ್ಲಿ ಅವೂ ಬರಲಿಲ್ಲ. ಕ್ಯಾಮೆರಾ ಕೆಟ್ಟಿದೆ ಎಂದು ಮಾವನವರು ತೀರ್ಮಾನಿಸಿ ಅಟ್ಟಕ್ಕೆ ಹಾಕಿದರು. ಅತ್ಯಾ ಇಳಿಸಿದರು.

“ಅಕ್ಕಾ, ಅದು ತೊಗಲಿಂದು. ಮಡಿಯೊಳಗ ಹೆಂಗ ಮುಟ್ತಿ?”

“ನೀ ಜಿಂಕಿ ತೊಗಲ ಮ್ಯಾಲ ಕೂತು ಜಪಾ ಮಾಡ್ತಿಯಲ್ಲೋ.”

“ಅದು ಜಿಂಕಿ.”

“ಇದು ಜಿಂಕಿ ಅಲ್ಲಂತ ಎಲ್ಲಿ ಬರದದ?”

ಮಾವನವರು ಕ್ಯಾಮೆರಾವನ್ನು ಸುತ್ತಲೂ ತಿರುಗಿಸಿ ನೋಡಿದರು. ಇಂಗ್ಲಿಷಿನಲ್ಲಿ ಏನೇನೋ ಬರೆದಿತ್ತು. ಜಿಂಕೆ ಅಲ್ಲ ಎಂದು ಎಲ್ಲಿಯೂ ಬರೆದಿರಲಿಲ್ಲ.

ಹೀಗೆ ಕ್ಯಾಮೆರಾ ಮಡಿಗೆ ಬಂತು. ಫೋಟೋ ತೆಗೆಯುವವರು ತಲೆಯ ಮೇಲೆ ಹೊದ್ದುಕೊಳ್ಳುವ ಕರಿ ಬಟ್ಟೆಯ ಬದಲು ಧಾಬಳಿ, ಮಡಿಯಲ್ಲಿ ಉಡುವ ಉಣ್ಣೆಯ ಬಟ್ಟೆ. ಆಗ ಫೋಟೋ ಮೂಡುತ್ತಿದ್ದುದು ಗಾಜಿನ ಹಾಳೆಯ ಮೇಲೆ. ಅದನ್ನು ಕತ್ತಲೆಯಲ್ಲಿ ತೊಳೆಯಬೇಕು. ನಮ್ಮಲ್ಲಿ ಕಿಟಕಿ ಇಲ್ಲದ ಕೋಣೆ ಅಂದರೆ ದೇವರ ಕೋಣೆ ಒಂದೇ. ಕೆಂಪು ದೀಪ ಬೇಕಿತ್ತು. ಕಂದೀಲಿಗೆ ತಮ್ಮ ಹಳೆಯ ಸೀರೆಯ ತುಂಡು ಸುತ್ತಿದರು. ಔಷಧಕ್ಕೆ ಉಪ್ಪಿನಕಾಯಿಯ ಕಲ್ಲಿನ ಮರಿಗೆ. ಮಧ್ಯಾಹ್ನದ ನೈವೇದ್ಯ ಮುಗಿದ ಮೇಲೆ ದೇವರನ್ನು ಮೂಲೆಗೆ ಸರಿಸಿ ಆ ಜಾಗದಲ್ಲಿ ಗಾಜು ತೊಳೆಯುತ್ತಿದ್ದರು. ಆ ಗಾಜಿಗೆ ಹಚ್ಚುವ ಲೇಪವನ್ನು ದನದ ಎಲುಬಿನಿಂದ ಮಾಡುತ್ತಾರೆ ಎಂದು ಎಷ್ಟೋ ವರ್ಷದ ಮೇಲೆ ನನಗೆ ಯಾರೋ ಹೇಳಿದರು. ನಾನು ಮನೆಯಲ್ಲಿ ಬಾಯಿ ಬಿಡಲಿಲ್ಲ. ದೇವರಿಗೂ ಹೇಳಲಿಲ್ಲ.

ಮೊದಮೊದಲು ವಾಡೆಯವರು ಮುಖ ಸಿಂಡರಿಸಿದರು. ಶುಭಕಾರ್ಯದಲ್ಲಿ ವಿಧವೆ ಎದುರಿಗೆ ಬರಬಾರದಲ್ಲ. ಕೆಳಗಿನ ಮನೆಯಲ್ಲಿ ಮದುವೆ ಇದ್ದಾಗ ಅತ್ಯಾ ಸ್ಟ್ಯಾಂಡು ಹೊತ್ತುಕೊಂಡು ಅಂಗಳಕ್ಕೆ ಇಳಿದರು. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ಅತ್ಯಾ ಅಂದರು, “ಫೋಟೋದಾಗ ನಾ ನಿಂದರಬಾರದು, ಖರೆ. ತಗೀಬಾರದು ಅಂತ ಯಾರರೆ ಹೇಳ್ಯಾರೇನು?”

ಯಾರೂ ಹೇಳಿರಲಿಲ್ಲ. ಶಾಸ್ತ್ರ ಬರೆದವರ ಕಾಲದಲ್ಲಿ ಕ್ಯಾಮೆರಾ ಇರಲಿಲ್ಲ. ಮೇಲಾಗಿ ಫೋಟೋ ಪುಕ್ಕಟೆ. ಬೀಗರು ಸಾಲಾಗಿ ನಿಂತರು.

ಆ ಕ್ಯಾಮೆರಾದ ಹಿಂದೆ ಒಂದು ಮಬ್ಬು ಗಾಜು. ಎದುರಿಗೆ ಇದ್ದದ್ದೆಲ್ಲ ಅದರಲ್ಲಿ ತಲೆಕೆಳಗಾಗಿ ಕಾಣುತ್ತದೆ. ಒಮ್ಮೆ ಧಾಬಳಿಯ ಅಂಚು ಎತ್ತಿ ನನಗೂ ದೂರದಿಂದ ತೋರಿಸಿದರು. “ನಲವತ್ತ ವರ್ಷ ನನ್ನ ಕಂಡು ಮಾರಿ ತಿರುವಿದ ಮಂದಿ. ನೋಡೀಗ, ಕಾಲು ಮ್ಯಾಲ, ತೆಲಿ ಕೆಳಗ.” ಹೇಳುವಾಗ ನಗಲಿಲ್ಲ. ಒಲೆಯ ಮೇಲೆ ಬೇಳೆ ಬೆಂದಿದೆ ಎಂದು ಹೇಳಿದ ಹಾಗೆ ಹೇಳಿದರು.

ಎರಡು ಓಣಿ ಆಚೆ ನಮ್ಮ ಮನೆಯವರ ಹಾಗೆ ಕನ್ನಡ ಸೀಮೆಯಿಂದ ಬಂದು ನೆಲೆಸಿದ ಗುಮಾಸ್ತರು, ವ್ಯಾಪಾರಿಗಳು ಸೇರಿ ಒಂದು ಕನ್ನಡ ವಾಚನಾಲಯ ನಡೆಸುತ್ತಿದ್ದರು. ಮಾವನವರೂ ಅದರ ಪಂಚರಲ್ಲಿ ಒಬ್ಬರು. ಪುಸ್ತಕಗಳಿಗೆ ಧೂಳು ಹಿಡಿಯಿತೆಂದು ಅಲ್ಲಿನ ಕಾರ್ಯದರ್ಶಿಗಳು ಒಂದು ಉಪಾಯ ಹೂಡಿದರು. ಹವ್ಯಾಸಿಗಳಿಗೆ ಫೋಟೋ ಸ್ಪರ್ಧೆ. ಕಪಾಟಿನಲ್ಲಿದ್ದ ಮೂರು ಪುಸ್ತಕಗಳ ಹೆಸರು ಹಲಗೆಯ ಮೇಲೆ ಬರೆದರು. ಆ ಹೆಸರಿಗೆ ಒಪ್ಪುವ ಫೋಟೋ ತೆಗೆಯಬೇಕು. ದಸರೆಗೆ ಬಹುಮಾನ, ಬೆಳ್ಳಿಯ ಪದಕ. ಹೆಸರು ಓದಿದವರು ಪುಸ್ತಕವನ್ನೂ ಓದಿಯಾರು ಎಂದು ಅವರ ಆಸೆ.

ಅತ್ಯಾ ಹೆಸರು ಮಾತ್ರ ಓದಿದರು. ಅದಕ್ಕೆ ಕಾರಣ ಇತ್ತು. ಪುಸ್ತಕದ ರಟ್ಟು ಅಂಟಿಸುವುದು ಕುದಿಸಿದ ಹಿಟ್ಟಿನಿಂದ. ಕುದಿಸಿದ ಹಿಟ್ಟು ಅನ್ನಕ್ಕೆ ಸಮ, ಮುಸುರೆ. ಮಡಿಯಲ್ಲಿ ಮುಟ್ಟುವ ಹಾಗಿಲ್ಲ. ತೊಗಲಿಗೆ ಜಿಂಕೆ ಸಿಕ್ಕಿತ್ತು, ಹಿಟ್ಟಿಗೆ ಯಾವ ದಾರಿಯೂ ಸಿಗಲಿಲ್ಲ. ಚಿಕ್ಕಂದಿನಲ್ಲಿ ಅವರ ಅಪ್ಪ ಉಸುಕಿನ ಮೇಲೆ ಬರೆಸಿ ಅಕ್ಷರ ಕಲಿಸಿದ್ದರು, ಉಸುಕಿಗೆ ಮೈಲಿಗೆ ಇಲ್ಲ. ಹಾಗಾಗಿ ಅವರಿಗೆ ಓದಲು ಬರುತ್ತಿತ್ತು, ಪುಸ್ತಕ ಮುಟ್ಟುವಂತಿರಲಿಲ್ಲ. ನಾನು ಮುಟ್ಟಬಹುದಿತ್ತು, ಓದಲು ಬರುತ್ತಿರಲಿಲ್ಲ. ನಾನು ಸಾಲಿಗೆ ಹೋದದ್ದು ಒಂದು ಮಳೆಗಾಲ. ಸಾಲಿ ಸೋರುತ್ತದೆ ಎಂದು ಬಿಡಿಸಿದರು.

ಮೊದಲನೆಯ ಹೆಸರು ‘ಮಹಾಸಾಧ್ವಿಯ ಕಣ್ಣೀರು’. ಸಾಧ್ವಿ ನಾನೇ, ಮನೆಯಲ್ಲಿ ಬೇರೆ ಯಾರು ಬಿಡುವಾಗಿದ್ದರು? ಗಾಜಿನ ಮೇಲೆ ಫೋಟೋ ಮೂಡಲು ಹತ್ತು ಎಣಿಸುವಷ್ಟು ಹೊತ್ತು ಬೇಕು, ಅಲ್ಲಿಯವರೆಗೆ ಅಲುಗಾಡದೆ ಅಳಬೇಕು. ಬೇರೆ ಮನೆಯಾಗಿದ್ದರೆ ಒಂದು ಉಳ್ಳಾಗಡ್ಡಿ ಸಾಕಿತ್ತು. ನಮ್ಮ ಮನೆಯ ಹೊಸ್ತಿಲೊಳಗೆ ಅದು ಬರುವಂತಿರಲಿಲ್ಲ.

“ನಿಮ್ಮವ್ವನ್ನ ನೆನಸಿಕೋ,” ಎಂದರು ಅತ್ಯಾ.

“ನೆನಸೀನ್ರಿ.”

“ಕಣ್ಣೀರೆಲ್ಲಿ?”

“ಅವ್ವ ಆರಾಮ ಇದ್ದಾಳ್ರಿ. ಯಾಕ ಅಳ್ಲಿ?”

“ಹಂಗಾರ ಕೇಳು. ದೀಪಾವಳಿಗೆ ನಿಮ್ಮವ್ವ ಕಳಿಸಿದ ಚಕ್ಕಲಿ ನಾಯಿ ಸೈತ ಮೂಸಲಿಲ್ಲ.”

ಅಳು ಬರಲಿಲ್ಲ, ಬಂದದ್ದು ಬೇರೆ. ಹತ್ತು ಎಣಿಸುವವರೆಗೂ ಅದು ಮುಖದ ಮೇಲೆ ಗಟ್ಟಿಯಾಗಿ ನಿಂತಿತ್ತು. ಫೋಟೋ ಒಯ್ಯಲು ಮನೆಗೆ ಬಂದ ಕಾರ್ಯದರ್ಶಿಗಳು ಅದನ್ನು ಹತ್ತಿರ ಹಿಡಿದು ನೋಡಿದರು, ದೂರ ಹಿಡಿದು ನೋಡಿದರು.

“ಸಾಧ್ವಿ ಬರೋಬ್ಬರಿ ಇದ್ದಾಳ್ರಿ ಅಕ್ಕಾರ. ಆದ್ರ ಕಣ್ಣೀರು ಎಲ್ಲೂ ಕಾಣಸವಲ್ದು.”

“ಇನ್ನ ಬರೋದದ,” ಎಂದರು ಅತ್ಯಾ. “ಆಕಿದಲ್ಲ, ಗಂಡಂದು.”

ಆ ಫೋಟೋ ಮನೆಯಲ್ಲೇ ಉಳಿಯಿತು. ಎರಡನೆಯ ಹೆಸರು ‘ಮೋಕ್ಷಕ್ಕೆ ಮೂರು ಮೆಟ್ಟಿಲು’. ಸ್ಪರ್ಧೆಗೆ ನಿಂತವರೆಲ್ಲ ಪರ್ವತಿ ಗುಡ್ಡಕ್ಕೆ ಓಡಿದರು, ದೇವಸ್ಥಾನದ ಮೆಟ್ಟಿಲು ತೆಗೆಯಲು. ಅತ್ಯಾ ಕದಲಲಿಲ್ಲ. “ಪರ್ವತಿಗೆ ನೂರರ ಮ್ಯಾಲ ಮೆಟ್ಟಲ ಅದಾವ. ಹಲಗಿ ಮ್ಯಾಲ ಮೂರಂತ ಬರದದ.”

ನಮ್ಮ ವಾಡೆಯಲ್ಲಿ ಸರಿಯಾಗಿ ಮೂರು ಮೆಟ್ಟಿಲು ಇದ್ದದ್ದು ಒಂದೇ ಕಡೆ, ಹಿತ್ತಲಿನ ಪಾಯಖಾನೆಗೆ. ಮಾವನವರಿಗೆ ಒಂದು ರೂಢಿ ಇತ್ತು. ಬೆಳಿಗ್ಗೆ ಕೆಲಸ ಮುಗಿಸಿ ಹೊರಗೆ ಬಂದವರು, ಜನಿವಾರ ಕಿವಿಯ ಮೇಲೆ, ಖಾಲಿ ತಂಬಿಗೆ ಕೈಯಲ್ಲಿ, ಮೇಲಿನ ಮೆಟ್ಟಿಲಲ್ಲಿ ನಿಂತು ಆಕಾಶ ನೋಡುತ್ತಿದ್ದರು. ಹತ್ತು ಎಣಿಸಲು ಸಾಕು. ಅತ್ಯಾ ಮಡಿಗೆ ಭಂಗ ಬರದಷ್ಟು ದೂರದಲ್ಲಿ, ತುಳಸಿಕಟ್ಟೆಯ ಮರೆಯಲ್ಲಿ ಸ್ಟ್ಯಾಂಡು ಹೂಡಿದ್ದರು. ಫೋಟೋ ಬಹಳ ಚೆನ್ನಾಗಿ ಬಂತು. ಆ ಮುಖದ ಮೇಲಿನ ಶಾಂತಿಯನ್ನು ನಾನು ಯಾವ ಸ್ವಾಮಿಗಳ ಫೋಟೋದಲ್ಲಿಯೂ ಕಂಡಿಲ್ಲ.

ಮಾವನವರು ಅದನ್ನು ಮೊದಲು ನೋಡಿದ್ದು ವಾಚನಾಲಯದ ಮೇಜಿನ ಮೇಲೆ, ಉಳಿದ ಪಂಚರ ಜೊತೆಗೆ. ಪಂಚರು ಒಬ್ಬರ ಕೈಯಿಂದ ಒಬ್ಬರು ಇಸಿದುಕೊಂಡು ನೋಡಿ, ಆಮೇಲೆ ಅದನ್ನು ಸ್ಪರ್ಧೆಯಿಂದ ತೆಗೆದುಹಾಕಿದರು. ಮನೆಗೆ ಬಂದ ಮಾವನವರು ಅಂಗಿಯನ್ನೂ ಕಳಚದೆ ತೂಗುಮಣೆಯ ಮೇಲೆ ಕೂತರು.

“ಅಕ್ಕಾ, ನಾ ನಾಳೆ ಕಚೇರಿಗೆ ಹೆಂಗ ಹೋಗ್ಲಿ?”

“ದಿನಾ ಹೆಂಗ ಹೋಗ್ತಿ, ಹಂಗ.”

“ಸಾಕಿನ್ನ. ಒಂದು ಹೆಸರು ಉಳದದಲ್ಲ, ಅದಕ್ಕೊಂದು ಫೋಟೋ ತಗಿ. ಬಹುಮಾನ ಬಂದ್ರ ಕ್ಯಾಮೆರಾ ನಿಂದು, ನಾ ಸಾಯೂತನಕ ಒಂದು ಮಾತು ಆಡೂದಿಲ್ಲ. ಬರಲಿಲ್ಲಂದ್ರ ದಸರಾ ಮರುದಿನ ಅದು ಜುನಾ ಬಜಾರದಾಗ ಮಾರಾಟಕ್ಕ. ನೀನೂ ಮಾತು ಆಡಬ್ಯಾಡ.”

“ಆತು,” ಎಂದರು ಅತ್ಯಾ. ಮರುದಿನ ಒಂದು ಹೊತ್ತಿನ ಊಟವನ್ನೂ ಅರ್ಧಕ್ಕೆ ಬಿಟ್ಟು ಎದ್ದರು. ಹನ್ನೊಂದನೆಯ ವರ್ಷದಿಂದ ಅವರಿಗೆ ಇದು ಬೇಡ, ಅದು ಬೇಡ ಎಂದವರೇ ಎಲ್ಲರೂ. ಬೇಕು ಎಂದು ಅವರು ಹಿಡಿದುಕೊಂಡದ್ದು ಇದೊಂದೇ ಸಾಮಾನು. ಅಷ್ಟು ನನಗೂ ತಿಳಿಯುತ್ತಿತ್ತು.

ಉಳಿದ ಹೆಸರು ‘ಹದಿನೇಳನೆಯ ಪುಟ’. ಪೆಟ್ಟಿಗೆಯಲ್ಲಿ ಉಳಿದ ಗಾಜೂ ಒಂದೇ.

ಈಗ ತೊಡಕಾಯಿತು. ಸಾಧ್ವಿ ಅಂದರೆ ಸಾಧ್ವಿ, ಮೆಟ್ಟಿಲು ಅಂದರೆ ಮೆಟ್ಟಿಲು. ಹದಿನೇಳನೆಯ ಪುಟದಲ್ಲಿ ಏನಿದೆ ಎಂದು ಪುಸ್ತಕ ತೆರೆಯದೆ ಹೇಗೆ ತಿಳಿಯಬೇಕು? ನಾನು ಹೋಗಿ ಪುಸ್ತಕ ತಂದೆ. ನಡುಮನೆಯಲ್ಲಿ ಅತ್ಯಾ ಕಂಬಕ್ಕೆ ಒರಗಿ ಕೂತರು, ನಾನು ಒಂದು ಮಾರು ದೂರದಲ್ಲಿ ಎದುರಿಗೆ ಕೂತು ಪುಸ್ತಕ ಬಿಚ್ಚಿ ಎದೆಗೆ ಆನಿಸಿ ಹಿಡಿದೆ. ಅವರು ಕನ್ನಡಕ ಏರಿಸಿ, ಕಣ್ಣು ಕಿರಿದು ಮಾಡಿ ಹದಿನೇಳನೆಯ ಪುಟವನ್ನು ಗಟ್ಟಿಯಾಗಿ ಓದಿದರು. ಒಬ್ಬ ಮನುಷ್ಯ ಚಹಾ ಕುಡಿಯುತ್ತಿದ್ದ. ಪುಟ ಮುಗಿದರೂ ಅವನ ಚಹಾ ಮುಗಿಯಲಿಲ್ಲ.

“ಇಷ್ಟ ಏನ್ರಿ?” ಎಂದೆ.

“ಅಂವ ಯಾಕ ಚಹಾ ಕುಡೀಲಿಕ್ಕತ್ತಾನ ತಿಳೀಬೇಕಲ್ಲ. ಒಂದನೇ ಪುಟ ತಗಿ.”

ಇಪ್ಪತ್ತು ಮಧ್ಯಾಹ್ನ ಹಿಡಿಯಿತು. ನಾನು ಪುಟ ತಿರುವುವುದು, ಅವರು ಓದುವುದು. ಎರಡು ಸಲ ಅನ್ನ ಸೀಯಿತು, ಒಂದು ಸಲ ಹಾಲು ಬೆಕ್ಕಿನ ಪಾಲಾಯಿತು. ಚಹಾ ಕುಡಿದವನು ನೂರಾನಲವತ್ತನೆಯ ಪುಟದಲ್ಲಿ ಸತ್ತ. ಚಹಾ ಮಾಡಿಕೊಟ್ಟವಳು ಅವನ ಅತ್ತಿಗೆ. ನನಗೆ ಮೊದಲಿನಿಂದಲೂ ಅವಳ ಮೇಲೆ ಸಂಶಯ ಇತ್ತು, ಹೇಳಿದೆ. “ಸುಮ್ಮ ಹಿಡೀ ಪುಸ್ತಕ,” ಎಂದರು ಅತ್ಯಾ.

ಕೂತಲ್ಲಿ ಕೂತು ಬೇಸರವಾಗಿ ನಾನು ಬಗ್ಗಿ ಪುಟ ನೋಡುತ್ತಿದ್ದೆ. ಮೇಲಿನಿಂದ ನೋಡಿದರೆ ಅಕ್ಷರಗಳೆಲ್ಲ ತಲೆಕೆಳಗೆ. ಅವರ ಬಾಯಲ್ಲಿ ಬರುವ ಮಾತಿಗೂ ಪುಟದ ಮೇಲಿನ ಗುರುತಿಗೂ ಗಂಟು ಹಾಕುತ್ತ ಹೋದೆ. ಒಂದು ದಿನ ಅತ್ಯಾ ಒಂದು ಸಾಲು ಬಿಟ್ಟು ಓದಿದರು.

“ನಡುವ ಒಂದು ಸಾಲು ಹೋತಲ್ರಿ,” ಎಂದೆ.

ಅತ್ಯಾ ಕನ್ನಡಕ ತೆಗೆದು ನನ್ನ ಮುಖ ನೋಡಿದರು. “ಯಾವ ಸಾಲು?”

ನಾನು ತಲೆಕೆಳಗಾಗಿಯೇ ಓದಿ ಹೇಳಿದೆ. ಅವರು ಕನ್ನಡಕ ಹಾಕಿಕೊಂಡರು. ಮರುದಿನದಿಂದ ದಿನಕ್ಕೊಂದು ಸಾಲು ಬೇಕೆಂದೇ ಬಿಡತೊಡಗಿದರು.

ಪುಸ್ತಕ ಮುಗಿದ ಮೇಲೆ ಫೋಟೋ. ಚಹಾ ಕುಡಿಯಲು ನಮ್ಮ ಮನೆಯಲ್ಲಿ ಯಾರೂ ಒಪ್ಪಲಿಲ್ಲ, ಕುಡಿದವನು ಕಡೆಗೆ ಸತ್ತದ್ದು ಎಲ್ಲರಿಗೂ ಗೊತ್ತಾಗಿತ್ತು. “ಬ್ಯಾಡ. ಪುಟಾನ ತಗದ್ರಾತು. ಹದಿನೇಳನೇದು ಬಿಚ್ಚಿಕೊಂಡು ಅಂಗಳದಾಗ ನಿಂದರು,” ಎಂದರು ಅತ್ಯಾ.

ಆ ಕ್ಯಾಮೆರಾದ ಗುಣ ಹೇಳಬೇಕು. ಹತ್ತಿರದ್ದನ್ನು ಸ್ವಚ್ಛ ಹಿಡಿದರೆ ಹಿಂದಿನದು ಮಂಜು, ಹಿಂದಿನದನ್ನು ಹಿಡಿದರೆ ಹತ್ತಿರದ್ದು ಮಂಜು. ತಿದಿ ಹಿಂದೆ ಮುಂದೆ ಸರಿಸಿ ಯಾವುದು ಬೇಕೋ ಅದನ್ನು ಹಿಡಿಯುವುದು. ಅದರಲ್ಲಿ ಅತ್ಯಾ ಒಮ್ಮೆಯೂ ತಪ್ಪಿದವರಲ್ಲ.

“ತೋಳು ಚಾಚು. ಪುಸ್ತಕ ಮುಂದ ಬರಲಿ, ಅಕ್ಷರ ದೊಡ್ಡವು ಕಾಣಬೇಕು.”

ಚಾಚಿದೆ. ಅತ್ಯಾ ಧಾಬಳಿಯೊಳಗೆ ಹೋದರು. ಎಂದಿಗಿಂತ ಬಹಳ ಹೊತ್ತು ಒಳಗೇ ಇದ್ದರು. ನನ್ನ ತೋಳು ಸೋತುಬಂತು.

“ಆತೇನ್ರಿ?”

“ತಡಿ.”

ಇನ್ನೂ ಸ್ವಲ್ಪ ಹೊತ್ತಾಯಿತು. ಆಮೇಲೆ ಧಾಬಳಿ ಸರಿಸಿ ಹೊರಗೆ ಬಂದು ಗಾಜು ತುರುಕಿ, “ಈಗ ಅಲುಗಾಡಬ್ಯಾಡ,” ಎಂದು ಮುಚ್ಚಳ ತೆಗೆದು ಎಣಿಸಿದರು.

ದಸರೆಯ ದಿನ ಬಹುಮಾನ ಒಬ್ಬ ರೇಲ್ವೆ ಗುಮಾಸ್ತನಿಗೆ ಹೋಯಿತು. ಒಂದು ಪುಸ್ತಕ, ಪಕ್ಕದಲ್ಲಿ ಒಂದು ಮೇಣಬತ್ತಿ. ಸಂಜೆ ಕಾರ್ಯದರ್ಶಿಗಳು ಬನ್ನಿ ಎಲೆ ಕೊಡಲು ಬಂದವರು ನಮ್ಮ ಫೋಟೋವನ್ನೂ ಹಿಂದಕ್ಕೆ ತಂದರು. ಹೊಸ್ತಿಲಲ್ಲಿ ನಿಂತು ಕೈ ಹಿಸುಕಿಕೊಂಡರು.

“ತಪ್ಪು ತಿಳೀಬ್ಯಾಡ್ರಿ ಅಕ್ಕಾರ. ಪುಟ ಓದಲಿಕ್ಕ ಬಂದಿದ್ರ ಪದಕ ಇದಕ್ಕ ಇತ್ತು, ಪಂಚರೆಲ್ಲ ಅಂದ್ರು. ಪುಟ ಪೂರಾ ಮಂಜಾಗೇದ. ಹಿಂದ ನಿಂತ ಹುಡುಗಿ ಮಾತ್ರ, ರೆಪ್ಪಿಗೂದಲ ಎಣಿಸಬಹುದು.”

“ಹೌದೇನು?” ಎಂದರು ಅತ್ಯಾ.

ಮರುದಿನ ಮಾವನವರು ಟಾಂಗಾ ಕರೆಸಿದರು. ಕ್ಯಾಮೆರಾವನ್ನು ಅತ್ಯಾ ತಾವೇ ಒರೆಸಿ, ತಿದಿ ಮಡಚಿ, ಸ್ಟ್ಯಾಂಡಿನ ಮೂರೂ ಕಾಲು ಕಟ್ಟಿಕೊಟ್ಟರು. ಮಾವನವರು ಅದನ್ನು ಎತ್ತಿಕೊಂಡವರು ಬಾಗಿಲಲ್ಲಿ ಒಂದು ಗಳಿಗೆ ನಿಂತರು. “ಅಕ್ಕಾ, ಮಾತಂದ್ರ ಮಾತು.” “ಹೌದಪಾ. ಒಯ್ಯಿ,” ಎಂದರು ಅತ್ಯಾ. ಟಾಂಗಾ ಹೋಯಿತು.

ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ತಿಳಿಯದ್ದರಿಂದ ಅತ್ಯಾ ಮೇಲೆಯೇ ಹರಿಹಾಯ್ದೆ. ಅವರು ಕಂಬಕ್ಕೆ ಒರಗಿ ಹೂಬತ್ತಿ ಹೊಸೆಯುತ್ತಿದ್ದರು, ನಾನು ಒಂದು ಮಾರು ದೂರದಲ್ಲಿ ಮೊರ ಹಿಡಿದು ಅಕ್ಕಿ ಆರಿಸುತ್ತಿದ್ದೆ.

“ಅತ್ಯಾ, ಪೇಠೆಯೊಳಗಿನ ಗಂಡಸರ ಮೀಸಿ ಎಣಿಸೂ ಹಂಗ ತಗದವರು ನೀವು. ಕೈಯಾಗಿನ ಪುಟದ ಮ್ಯಾಲ ಯಾಕ ಹಿಡೀಲಿಲ್ಲ?”

“ಮದಲ ಪುಟಾನ ಹಿಡದಿದ್ದೆ. ಎಲ್ಲಾ ಅಕ್ಷರ ಸ್ವಚ್ಛ ಇದ್ವು.”

“ಮತ್ತ?”

ಅತ್ಯಾ ಕೈಯಲ್ಲಿದ್ದ ಬತ್ತಿ ಹೊಸೆದು ಮುಗಿಸಿ ಕೆಳಗಿಟ್ಟರು.

“ಪುಟ ನಾವು ಓದಿ ಮುಗಿಸಿದ್ದಾಗಿತ್ತಲ್ಲ, ಹುಡುಗಿ. ಹಿಂದ ನೀ ಕಂಡಿ. ತಿದಿ ಸರಿಸಿದೆ.”

ಮೊರದ ಅಕ್ಕಿ ಆರಿಸಿ ಆಗಿತ್ತು. ಮತ್ತೊಮ್ಮೆ ಮೊದಲಿನಿಂದ ಆರಿಸಿದೆ.